ಇಪ್ಪತ್ತನೆಯವಳು

ರಾಜಧಾನಿ
ಜೂನ್ ೩

ಅಣ್ಣಾ,

ಪಾಸಾಯಿತು! ಇವತ್ತು ಮಧ್ಯಾಹ್ನ ಮೂರೂಕಾಲಿಗೆ ಶಾಲಾ ಆಯ್ಕೆ ಕಾಯಿದೆ ಸದನದಲ್ಲಿ ಪಾಸಾಯಿತು. ನಮ್ಮ ವಿಭಾಗದವರೆಲ್ಲ ಮೇಲಿನ ಗ್ಯಾಲರಿಯಲ್ಲಿ ಉಸಿರು ಬಿಗಿಹಿಡಿದು ಕೂತಿದ್ದೆವು. ಎರಡು ವರ್ಷದಲ್ಲಿ ಒಮ್ಮೆಯೂ ನಗದ ನಮ್ಮ ಡೈರೆಕ್ಟರು ನನ್ನ ಕೈ ಕುಲುಕಿದ ರಭಸಕ್ಕೆ ನನ್ನ ಕನ್ನಡಕ ಜಾರಿ ಕೆಳಗೆ ಕೂತಿದ್ದ ಶಾಸಕರ ಬೋಳು ತಲೆಯ ಮೇಲೆ ಬೀಳುವುದರಲ್ಲಿತ್ತು.

ನಿನ್ನ ಆಜ್ಞೆಯಂತೆ ಫೋನ್ ಮಾಡದೆ ಕಾಗದ ಬರೆಯುತ್ತಿದ್ದೇನೆ. ಫೋನಿನಲ್ಲಿ ನಾನು ನಿನಗೆ ಒಂದು ಮಾತನ್ನೂ ಪೂರ್ತಿ ಆಡಗೊಡುವುದಿಲ್ಲ ಎಂಬ ದೂರು ಇದೆಯಲ್ಲ? ತಗೋ, ಈಗ ನೀನೂ ನಡುವೆ ಬಾಯಿ ಹಾಕುವಂತಿಲ್ಲ.

ವಿಷಯ ಇಷ್ಟೇ. ಇನ್ನು ಮೇಲೆ ಪ್ರತಿ ಮಗುವಿಗೂ ಸರ್ಕಾರ ಒಂದು ಚೀಟಿ ಕೊಡುತ್ತದೆ. ಆ ಚೀಟಿ ಹಿಡಿದು ಮಗು ಯಾವ ಶಾಲೆಗೆ ಹೋಗುತ್ತದೋ ಆ ಮಗುವಿನ ಪಾಲಿನ ಹಣ ಆ ಶಾಲೆಗೆ. ಸರ್ಕಾರಿ ಶಾಲೆಯೋ ಖಾಸಗಿಯೋ, ಮನೆ ಪಕ್ಕದ್ದೋ ಪಟ್ಟಣದ್ದೋ, ಯಾಕೆ ಎಂದು ಯಾರೂ ಕೇಳುವಂತಿಲ್ಲ. ಊರಿಗೆ ಒಂದೇ ಅಂಗಡಿ ಇದ್ದರೆ ಅಂಗಡಿಯವನು ತೂಗಿದ್ದೇ ತೂಕ, ಅಲ್ಲವೇ? ಎದುರಿಗೆ ಇನ್ನೊಂದು ಅಂಗಡಿ ತೆರೆದ ದಿನವೇ ತಕ್ಕಡಿ ಸರಿಹೋಗುತ್ತದೆ. ನಮ್ಮಂಥ ಹಳ್ಳಿಗಳೇ ತುಂಬಿರುವ ರಾಜ್ಯದಲ್ಲಿ ಇದು ನಡೆಯುವುದಿಲ್ಲ ಎಂದು ದೊಡ್ಡದೊಡ್ಡವರು ಹೇಳಿದ್ದರು. ನಡೆಸಿ ತೋರಿಸುತ್ತೇವೆ.

ಇನ್ನು ಕೆಲವು ಸಣ್ಣಪುಟ್ಟ ನಿಯಮಗಳು ಆಮೇಲೆ ಸುತ್ತೋಲೆಯಲ್ಲಿ ಬರುತ್ತವೆ. ಅದಕ್ಕೆಲ್ಲ ನೀನು ತಲೆ ಕೆಡಿಸಿಕೊಳ್ಳಬೇಡ.

ಅತ್ತಿಗೆಗೆ ಹೇಳು, ಅವಳು ಹೊಲಿದುಕೊಟ್ಟ ನೀಲಿ ಕೋಟನ್ನೇ ಇವತ್ತು ಹಾಕಿಕೊಂಡಿದ್ದೆ ಎಂದು.

ನಿನ್ನ ತಂಗಿ


ಊರು
ಜೂನ್ ೧೧

ಪ್ರೀತಿಯ ಜಗಳಗಂಟಿ,

ನಿನ್ನ ಕಾಗದವನ್ನು ನಿನ್ನ ಅತ್ತಿಗೆಗೆ ಗಟ್ಟಿಯಾಗಿ ಓದಿ ಹೇಳಿದೆ. ಹೊಲಿಗೆ ಯಂತ್ರ ನಿಲ್ಲಿಸದೆ ಕೇಳಿ, "ಕಾಯ್ದೆ ಮಾಡಿದ್ದು ಸರಿ, ಹೊತ್ತಿಗೆ ಸರಿಯಾಗಿ ಊಟ ಮಾಡ್ತಾಳೋ ಇಲ್ವೋ ಕೇಳಿ" ಎಂದಳು. ಕೇಳಿದ್ದೇನೆ. ಉತ್ತರವನ್ನು ಅವಳಿಗೇ ಬರೆ, ನನ್ನನ್ನು ನಡುವೆ ಸಿಕ್ಕಿಸಬೇಡ.

ನನ್ನ ತಂಗಿ ಬರೆದದ್ದು ರಾಜ್ಯದ ಕಾಯಿದೆಯಾಯಿತು ಎಂದು ನಾಲ್ಕು ಜನರೆದುರು ಹೇಳಿಕೊಂಡಿದ್ದೇನೆ. ನಿನ್ನ ಅಂಗಡಿಯ ಮಾತನ್ನೂ ಒಪ್ಪಿದೆ. ಆದರೆ ಮೇಷ್ಟರಿಗೆ ತಕರಾರು ಎತ್ತದಿದ್ದರೆ ತಿಂದದ್ದು ಅರಗುವುದಿಲ್ಲ. ಅಂಗಡಿಯಲ್ಲಿ ತಂದ ಸೋಪು ಕೆಟ್ಟದಾದರೆ ಇನ್ನೊಂದು ಸೋಪು ತರಬಹುದು. ಒಂದು ಮಗುವಿನ ಮೂರನೇ ಕ್ಲಾಸು ಕೆಟ್ಟರೆ ಇನ್ನೊಂದು ಮೂರನೇ ಕ್ಲಾಸು ಎಲ್ಲಿಂದ ತರುವುದು?

ಪಟ್ಟಣದ ಹೊಸ ಖಾಸಗಿ ಶಾಲೆಯವರು ಆಗಲೇ ಬಂದು ಮನೆಮನೆಗೂ ಕರಪತ್ರ ಹಂಚಿದರು. ಅದರಲ್ಲಿ ಹನ್ನೆರಡು ಮಕ್ಕಳು ನಗುತ್ತಿದ್ದಾರೆ. ಹನ್ನೆರಡಕ್ಕೂ ಒಂದೇ ಥರದ ಹಲ್ಲು. ಹಳದಿ ಬಸ್ಸು ಹನ್ನೆರಡು ಕಿಲೋಮೀಟರ್ ದೂರದಿಂದ ಮುಖ್ಯ ರಸ್ತೆಯ ತಿರುವಿನವರೆಗೂ ಬರುತ್ತದಂತೆ. ಒಬ್ಬ ತಂದೆ ಬಂದು, "ಮೇಷ್ಟ್ರೇ, ಅಲ್ಲಿ ಈಜುಕೊಳ ಇದೆಯಂತೆ, ಹೌದಾ?" ಎಂದ. "ಚಿತ್ರದಲ್ಲಂತೂ ಇದೆ" ಎಂದೆ.

ನಮ್ಮಲ್ಲಿ ಈಜುಕೊಳ ಇಲ್ಲ. ಎರಡು ಕೋಣೆ, ಮೂವತ್ನಾಲ್ಕು ಮಕ್ಕಳು, ಒಂದರಿಂದ ಎಂಟರವರೆಗೆ ನಾನೊಬ್ಬನೇ. ಮಳೆ ಜೋರಾದರೆ ಈಜು ಕಲಿಸುವಷ್ಟು ನೀರು ಚಾವಣಿಯಿಂದಲೇ ಬರುತ್ತದೆ.

ಊರವರು ಬಂದು ಏನೇನೋ ಕೇಳುತ್ತಿರುತ್ತಾರೆ. ತಿಳಿದಷ್ಟು ಹೇಳಿ ಕಳಿಸುತ್ತೇನೆ.

ನಿನ್ನ ಅಣ್ಣ


ರಾಜಧಾನಿ
ಆಗಸ್ಟ್ ೨೦

ಅಣ್ಣಾ,

ಎರಡು ತಿಂಗಳಿಂದ ಬರೆಯದೆ ಇದ್ದದ್ದನ್ನು ಹೊಟ್ಟೆಗೆ ಹಾಕಿಕೋ. ಫಾರ್ಮುಗಳ ರಾಶಿಯಲ್ಲಿ ಹೂತುಹೋಗಿದ್ದೆ. ಆದರೆ ಇವತ್ತು ಸಿಕ್ಕಿದ್ದನ್ನು ನಿನಗೆ ಹೇಳದಿದ್ದರೆ ನನಗೆ ನಿದ್ದೆ ಹತ್ತುವುದಿಲ್ಲ.

ಇಡೀ ರಾಜ್ಯದಲ್ಲಿ ಅತ್ಯುತ್ತಮ ಫಲಿತಾಂಶ ನಮ್ಮ ಊರಿನದು! ಬೇರೆ ಕಡೆ ಜನ ಬಸ್ಸಿನ ಬಣ್ಣ ನೋಡಿ, ಟೈ ನೋಡಿ ಮಕ್ಕಳನ್ನು ಸೇರಿಸಿದ್ದಾರೆ. ಮೂರರಲ್ಲಿ ಒಂದು ಮಗು ಎರಡು ತಿಂಗಳೊಳಗೆ ವಾಪಸ್ ಬಂದಿದೆ. ನಮ್ಮೂರಲ್ಲಿ ಹನ್ನೊಂದು ಮಕ್ಕಳು ಶಾಲೆ ಬದಲಿಸಿದ್ದಾರೆ, ಒಬ್ಬರೂ ವಾಪಸ್ ಬಂದಿಲ್ಲ. ಲೆಕ್ಕದಲ್ಲಿ ಚುರುಕಾದ ಮಗು ಲೆಕ್ಕದ ಶಾಲೆಗೆ, ಕೈಕೆಲಸದಲ್ಲಿ ಆಸೆ ಇರುವ ಮಗು ವರ್ಕ್‌ಶಾಪ್ ಇರುವ ಶಾಲೆಗೆ. ಬೆಣ್ಣೆಯಿಂದ ಕೂದಲು ತೆಗೆದಂತೆ ಆರಿಸಿದ್ದಾರೆ. ಯಾರೂ ಹೇಳಿಕೊಡದೆ! ಹಳ್ಳಿಯವರಿಗೆ ಆಯ್ಕೆ ಮಾಡಲು ಬರುವುದಿಲ್ಲ ಎಂದವರ ಬಾಯಿಗೆ ಇದೊಂದೇ ಬೀಗ ಸಾಕು. ಡೈರೆಕ್ಟರು ಇದನ್ನು ವರದಿಯ ಮೊದಲ ಅಧ್ಯಾಯಕ್ಕೆ ಹಾಕಿಸುತ್ತಿದ್ದಾರೆ.

ನಿನ್ನಲ್ಲಿ ಈಗ ಇಪ್ಪತ್ಮೂರು ಮಕ್ಕಳು, ಸರಿ ತಾನೇ? ಅದು ಇಪ್ಪತ್ತಕ್ಕಿಂತ ಕೆಳಗೆ ಇಳಿಯದಂತೆ ನೋಡಿಕೋ. ಸುಮ್ಮನೆ ಹೇಳಿದೆ.

ಬೇಸರ ಮಾಡಿಕೊಂಡಿಲ್ಲ ತಾನೇ?

ನಿನ್ನ ತಂಗಿ


ಊರು
ಆಗಸ್ಟ್ ೨೮

ಪ್ರೀತಿಯ ಜಗಳಗಂಟಿ,

ಬೇಸರ ಯಾಕೆ? ಹನ್ನೊಂದು ನೋಟ್‌ಬುಕ್ಕು ತಿದ್ದುವುದು ಉಳಿಯಿತು. ಸಂಜೆ ನಿನ್ನ ಅತ್ತಿಗೆಗೆ ಗುಂಡಿ ಹಚ್ಚಿಕೊಡುತ್ತೇನೆ. ಗಿಣಿಗೆ ಹೇಳಿದಂತೆ ಹೇಳಿಕೊಟ್ಟರೂ ಅಂಕುಡೊಂಕು ಹಚ್ಚುತ್ತೇನೆ ಎಂದು ಬೈಸಿಕೊಳ್ಳುತ್ತಿದ್ದೇನೆ.

ಹೋದ ಹನ್ನೊಂದು ಮಕ್ಕಳೂ ಚೆನ್ನಾಗಿದ್ದಾರೆ. ಅದು ನಿಜ, ನಿನ್ನ ವರದಿಯಲ್ಲಿ ಹಾಗೆಯೇ ಬರೆ. ಆದರೆ ಇನ್ನು ಮೂವರ ವಿಷಯ ನಿನಗೆ ತಿಳಿಸಬೇಕು. ಕಲ್ಲುಗಣಿ ಮೇಸ್ತ್ರಿಯ ಮಕ್ಕಳು, ಅಣ್ಣತಮ್ಮಂದಿರಿಬ್ಬರೂ, ಚೀಟಿ ಹಿಡಿದು ಹೊರಟರು. ಬಸ್ಸು ಗಣಿಯ ದಾರಿಗೆ ಬರುವುದಿಲ್ಲ, ತಿರುವಿನವರೆಗೆ ನಡೆದು ಬರಬೇಕು ಎಂದರು. ಅದು ಐದು ಕಿಲೋಮೀಟರು. ಚಿಕ್ಕವನಿಗೆ ಏಳು ವರ್ಷ.

ಮೂರನೆಯವಳು ಹಾಲಿನವರ ಹುಡುಗಿ. ಹನ್ನೆರಡು ವರ್ಷ. ತೊದಲುತ್ತಾಳೆ, ಆದರೆ ನನ್ನ ಶಾಲೆಯಲ್ಲಿ ಅವಳಷ್ಟು ಓದುವ ಮಗು ಇನ್ನೊಂದಿಲ್ಲ. ಪಟ್ಟಣದ ಶಾಲೆಯಲ್ಲಿ ಸಂದರ್ಶನ ಇತ್ತು. ಹೆಸರು ಹೇಳು ಎಂದರು. ಹೆಸರಿನ ಮೊದಲ ಅಕ್ಷರದಲ್ಲೇ ಅವಳು ನಿಂತುಬಿಟ್ಟಳು. ಆ ಮೇಡಂ ನಗುನಗುತ್ತಾ ಒಂದು ಚಾಕಲೇಟು ಕೊಟ್ಟು, "ಈ ಸಲ ಸೀಟು ಭರ್ತಿಯಾಗಿದೆ" ಎಂದು ಕಳಿಸಿದರಂತೆ. ಚಾಕಲೇಟನ್ನು ತಂದು ನನ್ನ ಮೇಜಿನ ಮೇಲಿಟ್ಟಳು. ತಿನ್ನಲಿಲ್ಲ.

ಆಯ್ಕೆ ಎನ್ನುವುದು ಎರಡೂ ಕಡೆಯಿಂದ ನಡೆಯುತ್ತದೆ ಎಂದು ನಿನ್ನ ಕಾಯಿದೆಯಲ್ಲಿ ಎಲ್ಲಾದರೂ ಬರೆದಿದೆಯೇ?

ನಿನ್ನ ಅಣ್ಣ


ರಾಜಧಾನಿ
ಸೆಪ್ಟೆಂಬರ್ ೬

ಅಣ್ಣಾ,

ನಿನ್ನ ಕಾಗದ ಓದಿ ಮೊದಲು ಅಳು ಬಂತು, ಆಮೇಲೆ ಸಿಟ್ಟು ಬಂತು. ನಾನು ಹನ್ನೊಂದು ಮಕ್ಕಳನ್ನು ತೋರಿಸಿದರೆ ನೀನು ಮೂವರನ್ನು ತೋರಿಸುತ್ತೀ. ನಾನು ಮೂವರಿಗೆ ದಾರಿ ಹುಡುಕಿದರೆ ನೀನು ಒಬ್ಬರನ್ನು ತೋರಿಸುತ್ತೀ. ಹೀಗೆ ಲೆಕ್ಕ ಹಾಕಿದರೆ ಲೋಕದಲ್ಲಿ ಯಾವ ಕೆಲಸವೂ ಶುರುವಾಗುವುದಿಲ್ಲ.

ಯಾವತ್ತೂ ಹೇಳದ ಒಂದು ಮಾತು ಇವತ್ತು ಹೇಳುತ್ತೇನೆ. ಹನ್ನೆರಡನೇ ವಯಸ್ಸಿನಲ್ಲಿ ನನಗೆ ಪಟ್ಟಣದ ಶಾಲೆಯ ಪ್ರಯೋಗಾಲಯದ ಕನಸು ಬೀಳುತ್ತಿತ್ತು. ಗಾಜಿನ ನಳಿಕೆ, ನೀಲಿ ಉರಿ. ನನಗೆ ಆಯ್ಕೆಯೇ ಇರಲಿಲ್ಲ. ಮೂರು ವರ್ಷ ತಡವಾಗಿ ಅಲ್ಲಿಗೆ ಹೋದಾಗ ಬೇರೆಯವರೆಲ್ಲ ಎಲ್ಲಿಗೋ ಮುಟ್ಟಿದ್ದರು. ನಾನು ರಸಾಯನಶಾಸ್ತ್ರ ಬಿಟ್ಟು ಅರ್ಥಶಾಸ್ತ್ರ ಹಿಡಿದದ್ದು ಪ್ರೀತಿಯಿಂದಲ್ಲ, ಉಳಿದದ್ದು ಅದೊಂದೇ ಆದ್ದರಿಂದ. ಆ ಹನ್ನೆರಡು ವರ್ಷದ ಹುಡುಗಿಗಾಗಿ ಈ ಕಾಯಿದೆ ಬರೆದೆ. ನೀನಾದರೂ ಅರ್ಥ ಮಾಡಿಕೊಳ್ಳುತ್ತೀ ಎಂದುಕೊಂಡಿದ್ದೆ.

ತಂಗಿ


ಊರು
ಸೆಪ್ಟೆಂಬರ್ ೩೦

ಪ್ರೀತಿಯ ತಂಗಿಗೆ,

ಮೂರು ವಾರ ಉತ್ತರ ಬರೆಯಲಿಲ್ಲ. ಚಾವಣಿಗೆ ಡಾಂಬರು ಬಳಿಯುತ್ತಿದ್ದೆ ಎಂದು ಬರೆಯಲು ಕೂತೆ. ಚಾವಣಿ ಒಂದು ಭಾನುವಾರದಲ್ಲಿ ಮುಗಿಯಿತು. ಉಳಿದ ದಿನಗಳು ಹಿಡಿದದ್ದು ಈ ಕಾಗದಕ್ಕೆ.

ನಿನಗೆ ಆಯ್ಕೆ ಇತ್ತು.

ನಿನಗೆ ಹನ್ನೆರಡು ತುಂಬಿದ ವರ್ಷ ಪಟ್ಟಣದ ಶಾಲೆಯ ಹೆಡ್‌ಮಾಸ್ಟರು ಸ್ಕೂಟರಿನಲ್ಲಿ ನಮ್ಮ ಮನೆಗೆ ಬಂದಿದ್ದರು. ನಿನ್ನ ಲೆಕ್ಕದ ಉತ್ತರಪತ್ರಿಕೆ ಎಲ್ಲೋ ಅವರ ಕಣ್ಣಿಗೆ ಬಿದ್ದಿತ್ತು. "ಈ ಹುಡುಗೀನ ನಮ್ಮಲ್ಲಿಗೆ ಕಳಿಸಿ. ಹಾಸ್ಟೆಲಲ್ಲಿ ಜಾಗ ಇದೆ, ಫೀಸು ಬೇಡ" ಎಂದರು. ನೀನು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದೆ. ಅಪ್ಪ ನನ್ನ ಕಡೆ ತಿರುಗಿ, "ನಂಗೇನಪ್ಪ ಗೊತ್ತು? ಮೇಷ್ಟ್ರು ನೀನು. ನೀನು ಹೇಳಿದ ಹಾಗೆ" ಎಂದರು.

ನಾನು, "ಇನ್ನೊಂದು ವರ್ಷ ಇಲ್ಲೇ ಇರಲಿ, ಇನ್ನೂ ಚಿಕ್ಕವಳು" ಎಂದೆ.

ಚಿಕ್ಕವಳು ಎನ್ನುವುದು ನೆಪ. ನಾನು ಕೆಲಸಕ್ಕೆ ಸೇರಿ ಎರಡನೇ ವರ್ಷ. ಇನ್ಸ್‌ಪೆಕ್ಟರು ಬಂದರೆ ಎದ್ದು ನಿಂತು ಪಟಪಟ ಉತ್ತರ ಹೇಳುವ ಮಗು ನೀನೊಬ್ಬಳೇ. ನೀನು ಹೋದರೆ ನನ್ನ ಶಾಲೆಯಲ್ಲಿ ತೋರಿಸುವುದಕ್ಕೆ ಏನೂ ಉಳಿಯುತ್ತಿರಲಿಲ್ಲ. ನಿಜ ಹೇಳಬೇಕೆಂದರೆ, ನೀನಿಲ್ಲದ ಕ್ಲಾಸಿಗೆ ಹೋಗಲು ನನಗೇ ಮನಸ್ಸಿರಲಿಲ್ಲ. ಮರುವರ್ಷ ಸ್ಕೂಟರು ಬರಲಿಲ್ಲ. ಅದರ ಮರುವರ್ಷವೂ.

ಇಪ್ಪತ್ನಾಲ್ಕು ವರ್ಷ ಇದನ್ನು ನುಂಗಿಕೊಂಡಿದ್ದೆ. ಕ್ಷಮಿಸು ಎಂದು ಕೇಳುವ ಧೈರ್ಯ ಈಗಲೂ ಇಲ್ಲ. ತಿಳಿಸಿದ್ದೇನೆ, ಅಷ್ಟೇ.

ಅಣ್ಣ


ರಾಜಧಾನಿ
ಅಕ್ಟೋಬರ್ ೬

ಅಣ್ಣಾ,

ಓದಿದೆ. ಎರಡು ದಿನ ನಿನ್ನ ಮೇಲೆ ಕೆಂಡ ಕಾರುತ್ತಿದ್ದೆ. ಆಫೀಸಿನಲ್ಲಿ ಒಬ್ಬ ಪಾಪದ ಗುಮಾಸ್ತನ ಮೇಲೆ ರೇಗಿದೆ. ಎತ್ತಿಗೆ ಜ್ವರ, ಎಮ್ಮೆಗೆ ಬರೆ. ಮೂರನೆಯ ದಿನ ಬಸ್ಸಿಗೆ ಕಾಯುತ್ತಾ ನಿಂತಾಗ ಅಪ್ಪನ ಮಾತು ಅವರದೇ ದನಿಯಲ್ಲಿ ಕೇಳಿಸಿತು: "ಮೇಷ್ಟ್ರು ನೀನು." ಆಗ ನಿನಗೆ ಇಪ್ಪತ್ತಾರು ವರ್ಷ. ನನ್ನ ಕೈಕೆಳಗೆ ಈಗ ಕೆಲಸ ಮಾಡುವ ಹುಡುಗರಿಗಿಂತ ಚಿಕ್ಕವನು.

ಕೋಪ ಪೂರ್ತಿ ಹೋಗಿದೆ ಎಂದು ಸುಳ್ಳು ಹೇಳುವುದಿಲ್ಲ. ಅರ್ಧ ಉಳಿದಿದೆ. ಎದುರಿಗೆ ಸಿಕ್ಕಾಗ ಜಗಳಕ್ಕೆ ಬೇಕಾಗುತ್ತದೆ ಎಂದು ಇಟ್ಟುಕೊಂಡಿದ್ದೇನೆ.

ಈಗ ಕೆಲಸದ ವಿಷಯ. ಕಾಯಿದೆ ಹೇಗೆ ನಡೆಯುತ್ತಿದೆ ಎಂದು ನೋಡಲು ಸದನದ ಕಮಿಟಿ ಕೂರುತ್ತಿದೆ. ಅತ್ಯುತ್ತಮ ಫಲಿತಾಂಶದ ಊರಿನ ಮೇಷ್ಟರು ಬಂದು ಮಾತಾಡಬೇಕು ಎಂದು ಡೈರೆಕ್ಟರು ನಿನ್ನ ಹೆಸರು ಕೊಟ್ಟಿದ್ದಾರೆ. ಹತ್ತು ದಿನ ಇಲ್ಲಿರಬೇಕು. ಬದಲಿ ಮೇಷ್ಟರು ಸಿಗುವುದಿಲ್ಲ ಎನ್ನಬೇಡ, ನಾನೇ ರಜೆ ಹಾಕಿ ಬರುತ್ತೇನೆ. ಕಾಲೇಜು ಬಿಟ್ಟಮೇಲೆ ಎರಡು ವರ್ಷ ಪಾಠ ಹೇಳಿದವಳು, ಪೂರಾ ಮರೆತಿಲ್ಲ. ನನ್ನ ಮನೆಯ ಬೀಗದ ಕೈ ಕೆಳಗಿನ ಮನೆಯವರ ಹತ್ತಿರ ಇರುತ್ತದೆ.

ಇನ್ನೊಂದು ಮಾತು. ನವೆಂಬರ್ ಒಂದಕ್ಕೆ ಎಲ್ಲ ಶಾಲೆಗಳಲ್ಲಿ ಮಕ್ಕಳ ಎಣಿಕೆ ನಡೆಯುತ್ತದೆ. ಇಪ್ಪತ್ತಕ್ಕಿಂತ ಕಡಿಮೆ ಇದ್ದರೆ ಶಾಲೆ ಮುಚ್ಚುತ್ತಾರೆ. ಮೊದಲೇ ಹೇಳಬೇಕಿತ್ತು.

ನಿನ್ನ ತಂಗಿ


ಊರು, ನಿನ್ನ ಶಾಲೆಯ ನಿನ್ನ ಕುರ್ಚಿಯಿಂದ
ಅಕ್ಟೋಬರ್ ೧೩

ಅಣ್ಣಾ,

ನಿನ್ನ ಕುರ್ಚಿಯ ಒಂದು ಕಾಲು ಗಿಡ್ಡ ಎಂದು ಯಾಕೆ ಹೇಳಲಿಲ್ಲ? ಮೊದಲ ದಿನವೇ ಇಪ್ಪತ್ತು ಮಕ್ಕಳೆದುರು ವಾಲಿದೆ. ಹೌದು, ಇಪ್ಪತ್ತು. ಲಾರಿ ಡ್ರೈವರ್ ಸಂಸಾರ ಊರು ಬಿಟ್ಟಿತು, ಮೂರು ಮಕ್ಕಳು ಹೋದರು ಎಂದು ಅತ್ತಿಗೆ ಹೇಳಿದಳು.

ಗಣಿಯ ಚಿಕ್ಕವನು, "ಟೀಚರ್, ನೀವು ಮೇಷ್ಟ್ರಿಗೆ ತಂಗೀನಾ? ಮತ್ತೆ ಅವ್ರಿಗಿಂತ ಜೋರಾಗಿ ಯಾಕೆ ಮಾತಾಡ್ತೀರಿ?" ಎಂದ. ಹಾಲಿನವರ ಹುಡುಗಿ ಎದ್ದು ಓದುವಾಗ ಒಂದು ಪದದಲ್ಲಿ ನಿಂತಳು. ಸಹಾಯ ಮಾಡೋಣವೆಂದು ಆ ಪದವನ್ನು ನಾನೇ ಹೇಳಿದೆ. ಇಡೀ ಕ್ಲಾಸು ನನ್ನನ್ನು ದುರುಗುಟ್ಟಿ ನೋಡಿತು. "ಅವಳ ಮಾತು ಅವಳೇ ಮುಗಿಸ್ತಾಳೆ ಟೀಚರ್. ಇಲ್ಲಿ ಹಾಗೇನೇ" ಎಂದ ಗಣಿಯ ದೊಡ್ಡವನು. ಹನ್ನೊಂದು ವರ್ಷದ ಪೋರನಿಂದ ಬೈಸಿಕೊಂಡು ಕೂತೆ.

ನಿನ್ನೆ ಸಂಜೆ ಟ್ರ್ಯಾಕ್ಟರ್ ರಿಪೇರಿಯವರು ಬಂದರು. ಕೈಯ ಗ್ರೀಸು ಒರೆಸಿಕೊಳ್ಳುತ್ತಾ ಬಾಗಿಲಲ್ಲೇ ನಿಂತು, "ಮೇಷ್ಟ್ರಿಲ್ವಾ? ಮಗಳ ವಿಷಯ ಕೇಳ್ಬೇಕಿತ್ತು" ಎಂದರು.

"ಏನು ವಿಷಯ?"

"ಚೀಟಿ ವಿಷ್ಯ ಮೇಡಂ. ಅವಳನ್ನ ಎಲ್ಲಿಗೆ ಹಾಕ್ಲಿ ಅಂತ. ನಮ್ಮೂರಲ್ಲಿ ಎಲ್ರೂ ಮೇಷ್ಟ್ರನ್ನ ಕೇಳೇ ಹಾಕಿದ್ದು. ಅವ್ರು ಒಂದೊಂದು ಮಗೂನೂ ಕೂರಿಸ್ಕೊಂಡು, ಇವನಿಗೆ ಅಲ್ಲಿ ಸರಿ, ಇವಳಿಗೆ ಇಲ್ಲೇ ಸರಿ ಅಂತ ಹೇಳಿ ಕಳಿಸಿದ್ರು. ನಾನೇ ಹಿಂದೆ ಬಿದ್ದೆ, ಬೇಸಾಯದ ಹೊತ್ತಲ್ಲಿ ಪುರುಸೊತ್ತಾಗ್ಲಿಲ್ಲ."

ಯಾರೂ ಹೇಳಿಕೊಡದೆ ಆರಿಸಿದರು ಎಂದು ವರದಿಯ ಮೊದಲ ಅಧ್ಯಾಯದಲ್ಲಿ ಬರೆದಿದ್ದೇನೆ ಅಣ್ಣಾ. ಹನ್ನೊಂದು ಮಕ್ಕಳನ್ನು ನಿನ್ನ ಕೈಯಾರೆ ಕಳಿಸಿದ್ದೀಯ.

ಅವರ ಮಗಳನ್ನು ಮೂರು ದಿನದಿಂದ ನೋಡುತ್ತಿದ್ದೇನೆ. ನಾನು ಬೋರ್ಡಿನ ಮೇಲೆ ಲೆಕ್ಕ ಬರೆದು ಮುಗಿಸುವಷ್ಟರಲ್ಲಿ ಉತ್ತರ ಹೇಳುತ್ತಾಳೆ. ಆಮೇಲೆ ಕಿಟಕಿಯಾಚೆ ನೋಡುತ್ತಾ ಕೂರುತ್ತಾಳೆ. ಆ ಹುಡುಗಿ ನಾಳೆಯೇ ಪಟ್ಟಣಕ್ಕೆ ಹೋಗಬೇಕು. ಅದು ಹಗಲಿನಷ್ಟು ಸ್ಪಷ್ಟ. ಅವಳು ಹೋದರೆ ಹತ್ತೊಂಬತ್ತು.

ನಾನು ಏನು ಹೇಳಿದೆ ಗೊತ್ತೇ? "ಇನ್ನೊಂದು ವರ್ಷ ಇಲ್ಲೇ ಇರಲಿ" ಎಂದೆ. ನಿನ್ನದೇ ಮಾತು ನನ್ನ ಬಾಯಿಂದ ಬಂತು. ಅವರು, "ಸರಿ, ನೀವು ಹೇಳಿದ ಹಾಗೆ" ಎಂದು ಕೈಮುಗಿದು ಹೋದರು.

ಇಪ್ಪತ್ತರ ನಿಯಮ ಬರೆದವಳು ನಾನೇ. ಎರಡು ವರ್ಷದ ಹಿಂದೆ, ಒಂದು ಮಧ್ಯಾಹ್ನ, ಒಂದು ಪಟ್ಟಿ ನೋಡಿಕೊಂಡು. ಆ ಪಟ್ಟಿಯಲ್ಲಿ ನಿನ್ನ ಶಾಲೆ ಮೂವತ್ತನ್ನು ದಾಟಿತ್ತು. ನಿನಗೆ ತಾಗುವುದಿಲ್ಲ ಎಂದುಕೊಂಡೆ. ಆ ಉಳಿದ ಅರ್ಧ ಕೋಪ ನಿನ್ನೆ ಸಂಜೆ ಹೋಯಿತು. ನೀನು ಯಾಕೆ ಹಾಗೆ ಹೇಳಿದೆ ಎಂದು ಈಗ ನನಗೆ ಗೊತ್ತು.

ಇದನ್ನು ರಾಜಧಾನಿ ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಏನು ಮಾಡಲಿ ಹೇಳು.

ನಿನ್ನ ತಂಗಿ


ರಾಜಧಾನಿ, ನಿನ್ನ ಅಡುಗೆಮನೆಯ ಮೇಜಿನಿಂದ
ಅಕ್ಟೋಬರ್ ೧೫

ನನ್ನ ಮುದ್ದು ಜಗಳಗಂಟಿ,

ನಿನ್ನ ಮನೆಯಲ್ಲಿ ಕುರ್ಚಿಯ ನಾಲ್ಕೂ ಕಾಲು ಸರಿಯಾಗಿವೆ, ಆದರೆ ಕುರ್ಚಿ ಇರುವುದು ಒಂದೇ. ಲೋಟ ಒಂದು. ತಟ್ಟೆ ಒಂದು. ಪೊಟ್ಟಣದಲ್ಲಿ ಬಿಸ್ಕತ್ತು, ಡಬ್ಬಿಯಲ್ಲಿ ಇನ್ನೊಂದು ಬಿಸ್ಕತ್ತು. ನಿನ್ನ ಅತ್ತಿಗೆ ಕೇಳುವ ಪ್ರಶ್ನೆಗೆ ಉತ್ತರ ಸಿಕ್ಕಿತು. ಎರಡು ಲೋಟ, ಒಂದು ಬಾಣಲೆ ತಂದಿಟ್ಟಿದ್ದೇನೆ.

ನಿಯಮ ಬರೆದದ್ದು ನೀನೇ ಎಂದು ಜುಲೈನಲ್ಲಿ ಸುತ್ತೋಲೆ ಬಂದ ದಿನವೇ ತಿಳಿಯಿತು. ಅದರ ಮೂರನೇ ಸಾಲಿನಲ್ಲಿ "ಆದಾಗ್ಯೂ" ಎರಡು ಸಲ ಇತ್ತು. ಐದನೇ ಕ್ಲಾಸಿನಿಂದ ತಿದ್ದುತ್ತಾ ಬಂದೆ, ನಿನಗೆ ಆ ಚಟ ಬಿಡಲಿಲ್ಲ. ನೀನಾಗಿ ಹೇಳುವವರೆಗೂ ನಾನು ಕೇಳಬಾರದು ಅಂದುಕೊಂಡೆ. ಆಗಸ್ಟ್ ಕಾಗದದಲ್ಲಿ "ಸುಮ್ಮನೆ ಹೇಳಿದೆ" ಎಂದು ಬರೆದಿದ್ದೆಯಲ್ಲ, ಅದನ್ನು ಓದಿ ನಾನೂ ನಿನ್ನ ಅತ್ತಿಗೆಯೂ ನಕ್ಕೆವು.

ನಿನ್ನೆ ಕಮಿಟಿಯ ಮುಂದೆ ಕೂರಿಸಿದರು. ಉದ್ದನೆಯ ಮೇಜು, ಒಂಬತ್ತು ಜನ, ಎಲ್ಲರ ಮುಂದೆ ನೀರಿನ ಬಾಟಲಿ. ಅಧ್ಯಕ್ಷರಮ್ಮ, "ನಿಮ್ಮೂರ ಜನ ಇಷ್ಟು ಚೆನ್ನಾಗಿ ಹೇಗೆ ಆರಿಸಿದ್ರು?" ಎಂದರು.

"ಕೇಳಿ ಆರಿಸಿದ್ರು."

"ಯಾರನ್ನ ಕೇಳಿ?"

"ನನ್ನನ್ನ."

ನಿಮ್ಮ ಡೈರೆಕ್ಟರ ಪೆನ್ನು ನಿಂತಿತು. "ಅಂದ್ರೆ ನಿಮ್ಮ ಸ್ಕೂಲನ್ನ ನೀವೇ ಖಾಲಿ ಮಾಡಿದ್ರಾ?" ಎಂದರು ಅಧ್ಯಕ್ಷರಮ್ಮ.

"ಹನ್ನೊಂದು ಮಕ್ಕಳ ಮಟ್ಟಿಗೆ, ಹೌದಮ್ಮ."

"ಹಾಗಾದ್ರೆ ಈ ಕಾಯ್ದೆ ಒಳ್ಳೇದು ಅಂತೀರೋ, ಕೆಟ್ಟದ್ದು ಅಂತೀರೋ?"

"ಆ ಹನ್ನೊಂದು ಮಕ್ಕಳಿಗೆ ಒಳ್ಳೇದು. ನನ್ನಲ್ಲಿ ಇನ್ನೂ ಮೂವರಿದ್ದಾರೆ, ಅವರ ಚೀಟಿನ ಯಾವ ಸ್ಕೂಲೂ ತಗೊಳ್ತಿಲ್ಲ. ಅವರಪ್ಪ ಅಮ್ಮ ಬಂದು ಎಲ್ಲಿಗೆ ಹಾಕ್ಲಿ ಅಂದ್ರೆ ನಾನು ಏನು ಹೇಳ್ಲಿ? ನನ್ನ ಬಾಗಿಲು ಮುಚ್ಚೋಕೆ ಮುಂಚೆ ಅದಕ್ಕೊಂದು ಉತ್ತರ ಬರೀರಿ. ಆಮೇಲೆ ಬೀಗ ನಾನೇ ಹಾಕ್ತೀನಿ."

ಅಷ್ಟು ಹೇಳಿ ಬಂದೆ.

ಈಗ ನಿನ್ನ ಪ್ರಶ್ನೆ. ರಿಪೇರಿಯವರ ಮನೆ ಗೊತ್ತಲ್ಲ, ನೀರಿನ ಟ್ಯಾಂಕಿನ ಹಿಂದೆ. ಹೋಗಿ ನಿಜ ಹೇಳು. ಹುಡುಗಿಯೆದುರೇ ಹೇಳು, ಹಿತ್ತಲಲ್ಲಿ ಬಟ್ಟೆ ಹರವಲು ಕಳಿಸಿ ಹೇಳಬೇಡ. ಶಾಲೆಯ ಚಿಂತೆ ನನಗೆ ಬಿಡು. ನನಗಿಂತ ಇಪ್ಪತ್ನಾಲ್ಕು ವರ್ಷ ಬೇಗ ನಿನಗೆ ಈ ಅವಕಾಶ ಸಿಕ್ಕಿದೆ, ಕಳೆದುಕೊಳ್ಳಬೇಡ.

ನಿನ್ನ ಅಣ್ಣ


ಊರು
ಅಕ್ಟೋಬರ್ ೧೮

ಅಣ್ಣಾ,

ಹೋದೆ. ಟ್ರ್ಯಾಕ್ಟರಿನ ಕೆಳಗಿಂದ ಎರಡು ಕಾಲು ಕಾಣುತ್ತಿದ್ದವು. ಮಗಳು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಸ್ಪ್ಯಾನರ್ ಕೊಡುತ್ತಿದ್ದಳು. ಕಾಲುಗಳಿಗೇ ಹೇಳಿದೆ: "ಅವತ್ತು ನಾನು ಹೇಳಿದ್ದು ಸರಿಯಿಲ್ಲ. ನಿಮ್ಮ ಮಗಳು ಪಟ್ಟಣದ ಸ್ಕೂಲಿಗೆ ಹೋಗ್ಬೇಕು. ಇವಳು ಹೋದ್ರೆ ನಮ್ಮಣ್ಣನ ಸ್ಕೂಲು ಮುಚ್ಚಿಹೋಗುತ್ತೆ ಅಂತ ಹೆದರಿ ಸುಳ್ಳು ಹೇಳ್ದೆ."

ಅವರು ಹೊರಗೆ ಬಂದು ಎದ್ದು ಕೂತರು. ಬೈಯುತ್ತಾರೆ ಎಂದುಕೊಂಡೆ. ಬಹಳ ಹೊತ್ತು ಬಟ್ಟೆಯಲ್ಲಿ ಕೈ ಒರೆಸಿದರು. "ಮೇಷ್ಟ್ರಿಗೆ ಗೊತ್ತಾ ಇದು?" ಎಂದರು.

"ಹೇಳಿ ಬಾ ಅಂತ ಕಳಿಸಿದ್ದೇ ಅವರು."

"ಹಂಗಾದ್ರೆ ಸರಿ" ಎಂದು ಮಗಳ ಕಡೆ ತಿರುಗಿದರು. "ನೀನೇನಂತೀಯೇ?"

ಆ ಹುಡುಗಿ ನನ್ನನ್ನು ನೋಡಿ, "ಅಲ್ಲಿ ಲ್ಯಾಬ್ ಇದ್ಯಾ ಟೀಚರ್?" ಎಂದಳು. ಇದೆ ಎಂದೆ. ಎದ್ದು ಒಳಗೆ ಓಡಿದವಳು ಬ್ಯಾಗು ಹೆಗಲಿಗೆ ಹಾಕಿಕೊಂಡೇ ಹೊರಗೆ ಬಂದಳು, ಬಸ್ಸು ಆಗಲೇ ಬಂದು ನಿಂತಿದೆ ಎನ್ನುವ ಹಾಗೆ. ಅವಳಪ್ಪ ನಕ್ಕರು, ನಾನೂ ನಕ್ಕೆ. ಮನೆಗೆ ಬರುವ ದಾರಿಯಲ್ಲಿ ಮಾತ್ರ ಅತ್ತೆ. ಯಾರಿಗಾಗಿ ಎಂದು ಕೇಳಬೇಡ, ಒಬ್ಬರಿಗಲ್ಲ.

ನಾಡಿದ್ದು ನೀನು ಬರುತ್ತೀ, ನಾನು ಹೊರಡುತ್ತೇನೆ. ಕುರ್ಚಿಯ ಕಾಲಿಗೆ ಒಂದು ಮರದ ತುಂಡು ಹೊಡೆದಿದ್ದೇನೆ.

ತಂಗಿ


ಊರು
ನವೆಂಬರ್ ೪

ಪ್ರೀತಿಯ ಜಗಳಗಂಟಿ,

ಎಣಿಸಿಕೊಂಡು ಹೋದರು. ಹತ್ತೊಂಬತ್ತು. ಬಂದ ಅಧಿಕಾರಿ ಒಳ್ಳೆಯವರು. ಎರಡು ಸಲ ಎಣಿಸಿ, ಕೊನೆಗೆ ಬಾಗಿಲ ಹಿಂದೆಯೂ ಇಣುಕಿ ನೋಡಿದರು. ವರ್ಷದ ಕೊನೆಗೆ ಮುಚ್ಚಬೇಕೆಂದು ಆದೇಶ ಬಂದಿದೆ. ನಿನ್ನ ಅತ್ತಿಗೆ ಎರಡು ದಿನ ಯಂತ್ರ ಬಿಟ್ಟು ಏಳದೆ ಒಂದು ಪರದೆ ಹೊಲಿದು ಮುಗಿಸಿದಳು. ನೀನು ಊಟ ಬಿಟ್ಟು ಕೂರಬೇಡ.

ಅಣ್ಣ


ರಾಜಧಾನಿ
ಡಿಸೆಂಬರ್ ೧೯

ಅಣ್ಣಾ,

ಒಂದೂವರೆ ತಿಂಗಳು ಬೇಕೆಂದೇ ಬರೆಯಲಿಲ್ಲ. ಆಸೆ ಹುಟ್ಟಿಸಿ ಆಮೇಲೆ ಕೈ ಚೆಲ್ಲಬಾರದು ಎಂದು.

ಕಮಿಟಿಗೆ ನನ್ನ ಸ್ವಂತ ಹೆಸರಿನಲ್ಲಿ ಒಂದು ಟಿಪ್ಪಣಿ ಕೊಟ್ಟೆ. ವರದಿಯ ಮೊದಲ ಅಧ್ಯಾಯ ತಪ್ಪು, ಅಲ್ಲಿನ ಜನ ಒಬ್ಬ ಮನುಷ್ಯನನ್ನು ನಂಬಿ ಆರಿಸಿದರು, ಆ ಮನುಷ್ಯನ ಶಾಲೆಯನ್ನೇ ನಮ್ಮ ನಿಯಮ ಮುಚ್ಚುತ್ತಿದೆ ಎಂದು ಬರೆದೆ. ಡೈರೆಕ್ಟರು ಕರೆದು, "ನಿಮ್ಮ ಮನೆಯವರ ಕೆಲಸ ಉಳಿಸ್ಕೊಳ್ಳೋಕೆ ಇದನ್ನ ಬರೆದ್ರಿ ಅಂತಾರೆ ಜನ" ಎಂದರು. "ಹೌದು ಸಾರ್, ಅವರು ನನ್ನ ಅಣ್ಣ ಅಂತ ಮೊದಲ ಸಾಲಲ್ಲೇ ಬರೆದಿದೀನಿ. ಅದಕ್ಕೇ ನಿರ್ಧಾರ ನೀವು ಮಾಡಿ" ಎಂದೆ.

ಇವತ್ತು ಸದನ ಒಂದು ತಿದ್ದುಪಡಿ ಒಪ್ಪಿತು. ಒಂದೇ ವಾಕ್ಯ: ಬೇರೆ ಶಾಲೆ ಬೇಡವೆಂದ ಮಗು ತಾನೇ ಒಪ್ಪಿ ಇನ್ನೊಂದು ಶಾಲೆಗೆ ಸೇರುವವರೆಗೂ ಆ ಮಗು ಓದುತ್ತಿರುವ ಶಾಲೆಯನ್ನು ಮುಚ್ಚತಕ್ಕದ್ದಲ್ಲ. ಅದರಲ್ಲಿ ಆದಾಗ್ಯೂ ಇಲ್ಲ, ನೋಡಿಕೋ.

ನನ್ನನ್ನು ಪಠ್ಯಪುಸ್ತಕ ಹಂಚುವ ವಿಭಾಗಕ್ಕೆ ಹಾಕಿದ್ದಾರೆ. ಕೋಣೆ ಚಿಕ್ಕದು, ಕಿಟಕಿ ದೊಡ್ಡದು. ಕಾಯಿದೆಯ ಮೇಲೆ ನನಗೆ ಈಗಲೂ ನಂಬಿಕೆ ಇದೆ ಅಣ್ಣಾ, ಆ ಲ್ಯಾಬಿನ ಹುಡುಗಿಯನ್ನು ಕಂಡ ಮೇಲೆ ಇನ್ನೂ ಜಾಸ್ತಿ. ಅದು ಒಂಟಿ ಕಾಲಲ್ಲಿ ನಿಲ್ಲುವುದಿಲ್ಲ ಎಂದಷ್ಟೇ ಗೊತ್ತಾಯಿತು.

ನಿನ್ನ ತಂಗಿ


ಊರು
ಫೆಬ್ರವರಿ ೧೪

ಪ್ರೀತಿಯ ಜಗಳಗಂಟಿ,

ನಿನ್ನ ಒಂದು ವಾಕ್ಯ ಇಲ್ಲಿ ಏನೇನು ಮಾಡಿದೆ ಕೇಳು.

ನಮ್ಮ ಶಾಲೆ ಮುಚ್ಚಿದರೆ ಉಳಿದ ಮಕ್ಕಳೂ ತಮಗೇ ಬರುತ್ತಾರೆ ಎಂದು ಪಟ್ಟಣದ ಶಾಲೆಯವರು ಲೆಕ್ಕ ಹಾಕಿದ್ದರು. ತಿದ್ದುಪಡಿ ಬಂದು ಎರಡು ವಾರಕ್ಕೆ ಹಳದಿ ಬಸ್ಸು ಗಣಿಯ ಬಾಗಿಲಿಗೇ ಬಂದು ನಿಂತಿತು! ಅಣ್ಣತಮ್ಮಂದಿರಿಬ್ಬರಿಗೂ ಸೀಟು. ಗಣಿಯ ಮೇಸ್ತ್ರಿ ಮಕ್ಕಳ ಕೈ ಹಿಡಿದು ನನ್ನ ಹತ್ತಿರ ಬಂದ. ದೊಡ್ಡವನಿಗೆ ಅಲ್ಲಿನ ವರ್ಕ್‌ಶಾಪು ಹೇಳಿ ಮಾಡಿಸಿದ ಹಾಗಿದೆ. ಕಳಿಸು ಎಂದೆ. ಹೋದರು.

ಆ ಮೂವರಲ್ಲಿ ಉಳಿದವಳು ಹಾಲಿನವರ ಹುಡುಗಿ ಒಬ್ಬಳೇ. ಮರುದಿನವೇ ಸಂದರ್ಶನದ ಆ ಮೇಡಂ ಖುದ್ದಾಗಿ ಬಂದರು. ಸೀಟಿದೆ, ತೊದಲಿಗೆ ವಿಶೇಷ ತರಬೇತಿ ಇದೆ, ಲೈಬ್ರರಿ ಇದೆ ಎಂದರು. ಸುಳ್ಳಲ್ಲ, ಹಿಂದೆಯೇ ನಾನು ಹೋಗಿ ನೋಡಿಬಂದಿದ್ದೆ. ಮೂರು ಸಾವಿರ ಪುಸ್ತಕ. ಅವಳಮ್ಮ ಹಾಲಿನ ಕ್ಯಾನು ಕೆಳಗಿಟ್ಟು, "ಮೇಷ್ಟ್ರೇ, ನೀವು ಹೇಳಿದ ಹಾಗೆ" ಎಂದಳು.

ಹುಡುಗಿ ಹೂಂ ಎಂದರೆ ನನ್ನ ಶಾಲೆಗೆ ಬೀಗ. ಅಲ್ಲಿ ಏನೇನಿದೆ, ಇಲ್ಲಿ ಏನೇನಿಲ್ಲ ಎಂದು ಒಂದನ್ನೂ ಬಿಡದೆ ಹೇಳಿದೆ. ಹೇಳಿ, "ಈ ಸಲ ನನ್ನನ್ನ ಕೇಳ್ಬೇಡಿ, ಅವಳನ್ನೇ ಕೇಳಿ" ಎಂದೆ.

ಮೇಡಂ ಅವಳ ಮುಂದೆ ಬಗ್ಗಿ ಕೇಳಿದರು. ಹುಡುಗಿ ಬಾಯಿ ತೆರೆದಳು. ಮೇಡಂ ನಡುವೆ ಏನೋ ಹೇಳಹೊರಟರು, ನಾನು ಕೈಯೆತ್ತಿ ತಡೆದೆ. ಗೋಡೆ ಗಡಿಯಾರದ ಮುಳ್ಳು ಸರಿದದ್ದು ಕಾಣಿಸಿತು. ಕೊನೆಗೆ ಪೂರ್ತಿ ಹೇಳಿದಳು: "ಒಂದನೇ ಕ್ಲಾಸಿನವರಿಗೆ ನಾನು ಓದೋದು ಕಲಿಸ್ತಿದೀನಿ. ಅದು ಮುಗೀಲಿ. ಮುಗಿದ ಮೇಲೆ ಬರ್ತೀನಿ."

ಮೇಡಂ ನನ್ನನ್ನು ನೋಡಿದರು. ನನಗೆ ಗೊತ್ತಿರಲಿಲ್ಲ ಎಂದರೆ ಅವರು ನಂಬಲಿಲ್ಲ. ಆಮೇಲೆ ಹಿಂದಿನ ಕೋಣೆಗೆ ಹೋಗಿ ನೋಡಿದೆ. ಮಧ್ಯಾಹ್ನದ ಬಿಡುವಿನಲ್ಲಿ ಆರು ಪುಟಾಣಿಗಳು ಅವಳ ಸುತ್ತ ಕೂತು, ಅವಳು ಒಂದೊಂದು ಅಕ್ಷರ ಎಳೆದ ಹಾಗೇ ಎಳೆದು ಓದುತ್ತಿದ್ದರು. ಅಕ್ಷರ ಹಾಗೆಯೇ ಹೇಳಬೇಕು ಎಂದುಕೊಂಡಿದ್ದಾರೆ.

ಅವರ ಓದು ಸ್ವಲ್ಪ ನಿಧಾನ. ನಾನೂ ಅವಸರ ಮಾಡುತ್ತಿಲ್ಲ.

ನಿನ್ನ ಅಣ್ಣ